ಎತ್ತುವವನ ದನಿಗೊಂದು ಯಂತ್ರ

ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ, ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆಯಲೇಬೇಕೆಂದು ವೈದ್ಯರು ಹೇಳಿದಾಗ ನನ್ನ ಕಾಕಾ ಕೇಳಿದ್ದು ಒಂದೇ ಪ್ರಶ್ನೆ. "ಮೊಹರಮ್ ಮುಗದ ಮ್ಯಾಲ ತಗದ್ರ ನಡೀತೈತೇನ್ರಿ, ಸಾಹೇಬ್ರ?"

ನಡೆಯುವುದಿಲ್ಲ ಎಂದರು ವೈದ್ಯರು. ಕಾಕಾ ತಲೆಯಾಡಿಸಿದ. ಹೊರಗೆ ಬಂದು ಕಾರಿಡಾರಿನ ಬಾಕಿನ ಮೇಲೆ ಕುಳಿತು, ಕೊರಳಿನ ಟವೆಲ್ಲನ್ನು ಬಿಚ್ಚಿ ಮತ್ತೆ ಸುತ್ತಿಕೊಂಡ. ಆಗಲೇ ಅವನ ದನಿ ಗರಗಸದಂತೆ ಆಗಿತ್ತು. ಆದರೂ ದನಿ ಇತ್ತು.

ಕಾಕಾ ನನ್ನ ತಂದೆಯ ತಮ್ಮ. ಹಿಂದೆ ಕುರಿ ಕಾಯುತ್ತಿದ್ದ ಮನೆತನ ನಮ್ಮದು. ಈಗ ಕುರಿಗಳಿಲ್ಲ, ಕಾಕಾ ಖಾನಾಪುರದ ಹೊರಗಿನ ಇಟ್ಟಂಗಿ ಭಟ್ಟಿಯೊಂದರಲ್ಲಿ ಲಾರಿಗಳಿಗೆ ಮಾಲು ತುಂಬಿಸುವ ಮುಕಾದಮ. ವರ್ಷದ ಉಳಿದೆಲ್ಲ ದಿನಗಳಲ್ಲಿ ಅವನು ಅದಷ್ಟೇ. ಮೊಹರಮ್ಮಿನ ದಿನಗಳಲ್ಲಿ ಮಾತ್ರ ಊರಿನ ಮೇಳದ ಮುಂದಾಳು. ಕರ್ಬಲಾದಲ್ಲಿ ಸತ್ತವರ ದುಃಖವನ್ನು ಕನ್ನಡದಲ್ಲಿ ಹಾಡುವ ಪದಗಳಿಗೆ ನಮ್ಮ ಕಡೆ ರಿವಾಯತ ಎನ್ನುತ್ತಾರೆ. ಮೇಳದಲ್ಲಿ ಅರ್ಧ ಜನ ಹಿಂದೂಗಳು, ಅರ್ಧ ಜನ ಮುಸಲ್ಮಾನರು. ಇದನ್ನು ಸೌಹಾರ್ದದ ಭಾಷಣಕ್ಕೆ ಉದಾಹರಣೆಯಾಗಿ ಬಳಸುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಮೇಳದವರಿಗೆ ಅದು ಹೇಳಿಕೊಳ್ಳುವ ಸಂಗತಿಯೇ ಅಲ್ಲ.

ಈ ಮೇಳಕ್ಕೊಂದು ಕಟ್ಟಳೆ ಇದೆ. ಪ್ರತಿ ಸಾಲನ್ನೂ ಒಬ್ಬನು ಎತ್ತುತ್ತಾನೆ, ಉಳಿದವರು ಹಿಡಿಯುತ್ತಾರೆ. ಎತ್ತುವವನು ಸಾಲಿನ ಕೊನೆಯ ಮಾತನ್ನು ಎಂದಿಗೂ ಹಾಡಕೂಡದು. ನೀರು ತರಲು ಹೋದವನು ಯಾಕೆ ತಿರುಗಿ ಬರಲಿಲ್ಲ ಎಂದು ಕೇಳುವವರೆಗೆ ಅವನ ಪಾಲು. 'ತಮ್ಮಾ' ಎಂದು ಸತ್ತವನನ್ನು ಕೂಗುವುದು ಹಿಡಿಯುವವರ ಪಾಲು. ಕೇಳಿದವನೇ ಕೂಗಿದರೆ ಆ ಮನೆಗೆ ಒಳ್ಳೆಯದಲ್ಲ ಎನ್ನುವ ನಂಬಿಕೆ. ಕಾಕಾ ಎತ್ತುವವನು. ಹಿಡಿಯುವವರಲ್ಲಿ ಮೊದಲಿಗರು ಖಾನಾಪುರದ ಬಸ್ ಸ್ಟ್ಯಾಂಡಿನ ಬಳಿ ಕೂತು ಬ್ಯಾಗು ಹೊಲಿಯುವ, ಜಿಪ್ ರಿಪೇರಿ ಮಾಡುವ ಒಬ್ಬ ಹಿರಿಯರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತೇವೆ. ಮೀಸೆ ಚಿಗುರುವ ಮೊದಲಿನಿಂದ ಇವರಿಬ್ಬರೂ ಎದುರುಬದುರು ನಿಂತು ಹಾಡಿದವರು.

ಕಾಕಾನ ಗಂಟಲು ಒಡೆದು ಒಂದು ಮಳೆಗಾಲ, ಒಂದು ಚಳಿಗಾಲ ಕಳೆದಿದ್ದವು. ಅಷ್ಟು ಕಾಲವೂ ಅವನು ವೈದ್ಯರ ಬಳಿ ಹೋಗದೆ ಕೂತಿರಲಿಲ್ಲ. ಒಬ್ಬರು ಕೆಮ್ಮಿನ ಔಷಧ ಕೊಟ್ಟರು, ಮತ್ತೊಬ್ಬರು ಚೀಪುವ ಗುಳಿಗೆ ಕೊಟ್ಟರು, ಮೂರನೆಯವರು ಭಟ್ಟಿಯ ಧೂಳು ಎಂದರು. ಧೂಳಿನಲ್ಲಿ ಕೆಲಸ ಮಾಡುವವನ ಗಂಟಲು ಒಡೆದಿದ್ದರೆ ಅದು ಧೂಳೇ ಎಂದು ತೀರ್ಮಾನಿಸುವುದು ಎಷ್ಟು ಸುಲಭ! ಒಬ್ಬರೂ ಒಳಗೆ ಇಣುಕಿ ನೋಡಲಿಲ್ಲ. ಒಬ್ಬ ವಕೀಲನ, ಒಬ್ಬ ಅಧಿಕಾರಿಯ ದನಿ ಅಷ್ಟು ತಿಂಗಳು ಒಡೆದಿದ್ದರೆ ಇಷ್ಟೇ ನಿರಾಳವಾಗಿ ಚೀಪುವ ಗುಳಿಗೆ ಬರೆದುಕೊಡುತ್ತಿದ್ದರೇ? ಈ ಪ್ರಶ್ನೆಯನ್ನು ನಾನು ಇನ್ನೂ ಕೇಳುತ್ತಿದ್ದೇನೆ.

ಆ ದಿನ ಆಸ್ಪತ್ರೆಯಿಂದ ಅವನನ್ನು ಹಿಂದವಾಡಿಯ ನನ್ನ ಬಾಡಿಗೆ ಕೋಣೆಗೆ ಕರೆತಂದೆ. ನಾನು ಇಲ್ಲಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಚಹಾ ಕುಡಿಯಲು ಅವನಿಗೆ ಕಷ್ಟವಾಗುತ್ತಿತ್ತು. ಲೋಟವನ್ನು ಕೆಳಗಿಟ್ಟು ಹೇಳಿದ:

"ನನ್ನ ದನಿ ಅಷ್ಟ ಬ್ಯಾರೇ ತಗದಿಡವ್ವಾ. ಉಳದವ್ರದು ಬ್ಯಾಡ."

"ಯಾಕ ಕಾಕಾ? ಎಲ್ಲಾರೂ ಕೂಡಿ ಹಾಡಿದ್ರ ಛಂದ ಬರ್ತದಲ್ಲ?"

"ಅವ್ರು ಇರ್ತಾರಲ್ಲ, ಅವ್ರು ಹಾಡ್ತಾರ. ದೇವ್ರು ಹೊಳಿಗಿ ಹೋಗೂ ಮುಂದ ನನ್ನ ದನಿ ಎತ್ತಬೇಕು, ಅವ್ರು ಹಿಡೀಬೇಕು. ನಾ ಬಾಜುಕ ನಡಕೋತ ಹೋಗ್ತೀನಿ. ಅಷ್ಟ ಮಾಡಿಕೊಡು."

ಮೊಹರಮ್ಮಿನ ಕೊನೆಯ ಮಧ್ಯಾಹ್ನ ಪಂಜಾಗಳನ್ನು, ದೇವರೆಂದು ಕೂರಿಸಿದ ಲೋಹದ ಕೈಗಳನ್ನು, ಹೊಳೆಗೆ ಒಯ್ಯುವ ಮೆರವಣಿಗೆಯ ಮಾತು ಅದು. ಅವನಿಗೆ ನೆನಪಿನ ಕಾಣಿಕೆ ಬೇಕಿರಲಿಲ್ಲ. ತನ್ನ ಕೆಲಸ ನಡೆಯಬೇಕಿತ್ತು. ಶಸ್ತ್ರಚಿಕಿತ್ಸೆಗೆ ಸ್ವಲ್ಪವೇ ಕಾಲವಿತ್ತು.

ನನಗೆ ಮೊದಲು ನೆನಪಾದದ್ದು ಹಳೆಯ ಒಂದು ಧ್ವನಿಮುದ್ರಣ. ನಾನು ಹೈಸ್ಕೂಲಿನಲ್ಲಿದ್ದಾಗ, ಜನಪದ ಕಲೆಗಳನ್ನು ಸಂಗ್ರಹಿಸುವ ದೂರದೂರಿನ ಸಂಸ್ಥೆಯೊಂದರಿಂದ ತಂಡವೊಂದು ಜೀಪಿನಲ್ಲಿ ಬಂದಿತ್ತು. ಪ್ರತಿಯೊಬ್ಬನ ಬಾಯಿಯ ಮುಂದೆ ಒಂದೊಂದು ಮೈಕು ನಿಲ್ಲಿಸಿ, ಇಡೀ ದಿನ ಹಾಡಿಸಿ, ಎಲ್ಲರಿಂದ ಸಹಿಯನ್ನೂ ಹೆಬ್ಬೆಟ್ಟನ್ನೂ ಪಡೆದು ಹೋಗಿತ್ತು. ಪ್ರತಿ ಕಳಿಸುತ್ತೇವೆ ಎಂದಿದ್ದರು. ಕಳಿಸಲಿಲ್ಲ. ಆ ಮುದ್ರಣದಲ್ಲಿ ಕಾಕಾನ ದನಿ ಬೇರೆಯಾಗಿಯೇ ಇದ್ದಿರಬೇಕು. ಅದೂ ರೋಗ ತಗಲುವ ಮೊದಲಿನ ದನಿ. ನಾನು ಫೋನು ಮಾಡಿದೆ. ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಿ, ಕೊನೆಗೆ ಒಬ್ಬರು ಸಿಕ್ಕರು.

"ಅದು ಹಳೇ ಪ್ರಾಜೆಕ್ಟು ಮೇಡಂ. ಆಗಿದ್ದವರು ಯಾರೂ ಈಗಿಲ್ಲ."

"ಮನುಷ್ಯರನ್ನು ಕೇಳುತ್ತಿಲ್ಲ ಸರ್, ಧ್ವನಿಯನ್ನು ಕೇಳುತ್ತಿದ್ದೇನೆ."

"ಹಾರ್ಡ್ ಡಿಸ್ಕ್ ಓಪನ್ ಆಗ್ತಿಲ್ಲ."

"ಇನ್ನೊಂದು ಪ್ರತಿ ಮಾಡಿಟ್ಟಿರಲಿಲ್ಲವೇ?"

"ಪುಸ್ತಕ ಬಂದಿದೆಯಲ್ಲ ಮೇಡಂ! ಪದಗಳೆಲ್ಲ ಅದರಲ್ಲಿವೆ. ನಿಮಗೆ ಬೇಕಾದರೆ ರಿಯಾಯಿತಿಯಲ್ಲಿ ಸಿಗುತ್ತೆ."

ಪುಸ್ತಕವನ್ನು ನಾನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಆಗಲೇ ಓದಿದ್ದೆ. ಸಂಪಾದಕರ ಹೆಸರು ಮುಖಪುಟದ ಮೇಲೆ ದಪ್ಪ ಅಕ್ಷರದಲ್ಲಿದೆ. ಹಾಡಿದವರು 'ಖಾನಾಪುರ ಭಾಗದ ಕಲಾವಿದರು' ಎಂಬ ಮೂರು ಮಾತಿನೊಳಗೆ ಮುಗಿದಿದ್ದಾರೆ. ಹಿಡಿಯುವವರ ಮಾತುಗಳನ್ನು ಪುನರಾವರ್ತನೆ ಎಂದು ಪರಿಗಣಿಸಿ ಎಲ್ಲ ಸಾಲುಗಳಿಂದಲೂ ಕೈಬಿಡಲಾಗಿದೆ. ಹೀಗಾಗಿ ಆ ಪುಸ್ತಕದುದ್ದಕ್ಕೂ ಪ್ರಶ್ನೆಗಳಿವೆ, ಸತ್ತವನನ್ನು ಕೂಗುವವರಿಲ್ಲ. ಸಾರ್ವಜನಿಕ ಹಣದಲ್ಲಿ ಜೀಪು ತಂದು, ಬಡವರ ದುಡಿಮೆಯ ಒಂದು ದಿನವನ್ನು ಕಿತ್ತುಕೊಂಡು, ಅವರ ದನಿಯನ್ನು ಒಯ್ದು, ಅದನ್ನು ಕೊಳೆಯಿಸಿದ್ದಕ್ಕೆ ಹೊಣೆ ಯಾರು ಎಂದು ಮಾಹಿತಿ ಹಕ್ಕಿನಡಿ ಕೇಳಿದೆ. ಧ್ವನಿಮುದ್ರಿಕೆ ಲಭ್ಯವಿಲ್ಲ ಎಂಬ ಉತ್ತರ ಎಷ್ಟೋ ದಿನಗಳ ಮೇಲೆ ಬಂತು. ಕಳೆದುಹೋಗಿದೆ ಎಂದಲ್ಲ, ಕಳೆದಿದ್ದೇವೆ ಎಂದಂತೂ ಅಲ್ಲ; ಲಭ್ಯವಿಲ್ಲ. ಕರ್ತೃವೇ ಇಲ್ಲದ ಆ ವಾಕ್ಯವನ್ನು ಬರೆಯಲು ಎಷ್ಟು ವರ್ಷಗಳ ಅಭ್ಯಾಸ ಬೇಕಾಗಿರಬಹುದು!

ಆ ಉತ್ತರಕ್ಕೆ ಕಾಯುವಂತಿರಲಿಲ್ಲ; ಯಂತ್ರವನ್ನು ನಾವೇ ಕೊಳ್ಳಬೇಕಾಯಿತು.

ಫೋನಿನಲ್ಲಿ ಮಾಡಿ ನೋಡಿದ್ದೆ. ಫೋನು ದೊಡ್ಡ ದನಿಯನ್ನು ತಾನಾಗಿಯೇ ಅದುಮುತ್ತದೆ, ಸಣ್ಣದನ್ನು ತಾನಾಗಿಯೇ ಮೇಲೆತ್ತುತ್ತದೆ. ಕಾಕಾ ಎತ್ತಿದ್ದೂ ದೂರದಲ್ಲಿ ಲಾರಿ ಹೋದದ್ದೂ ಅದಕ್ಕೆ ಒಂದೇ ತೂಕ. ನನ್ನ ಲ್ಯಾಪ್‌ಟಾಪು ಹಳೆಯದು, ಅದರ ಫ್ಯಾನು ಹಿಟ್ಟಿನ ಗಿರಣಿಯಂತೆ ಗುಂಯ್‌ಗುಡುತ್ತದೆ, ನಡುವೆ ನಿಂತುಬಿಡುತ್ತದೆ. ಮೇಲಾಗಿ ಕಾಕಾನಿಗೆ ಬೇಕಾದದ್ದು ಮೆರವಣಿಗೆಯಲ್ಲಿ ನಡೆಯಬಲ್ಲ ಯಂತ್ರ. ಹಾಗಾಗಿ ನಾನು ಹುಡುಕಿದ್ದು ಕಂಪ್ಯೂಟರಿನ ಹಂಗಿಲ್ಲದ, ಬ್ಯಾಟರಿಯ ಮೇಲೂ ನಡೆಯುವ ಬಹು ಟ್ರ್ಯಾಕಿನ ರೆಕಾರ್ಡರನ್ನು. ಪ್ರತಿ ದನಿಗೂ ಅದರಲ್ಲಿ ಬೇರೆ ಬೇರೆ ಹಳಿ. ಪ್ರತಿ ಹಳಿಗೂ ಮೇಲೆ ಕೆಳಗೆ ಸರಿಸುವ ಒಂದು ಗುಂಡಿ. ಬೇಕಾದವನ ದನಿಯನ್ನು ಏರಿಸಬಹುದು, ಬೇಡವಾದದ್ದನ್ನು ಮುಚ್ಚಬಹುದು.

ಒಂದು ವಾರದ ಸಂಜೆಗಳೆಲ್ಲ ಇದರಲ್ಲೇ ಕಳೆದವು. ಅಂಗೈಯಗಲದ, ನಾಲ್ಕು ಟ್ರ್ಯಾಕಿನ ಯಂತ್ರಗಳು ಕೈಗೆಟಕುವಂತಿದ್ದವು, ಆದರೆ ಎಂಟು ಜನರ ಮೇಳಕ್ಕೆ ಸಾಲುವಂತಿರಲಿಲ್ಲ. ಎಂಟೂ ಮೈಕುಗಳನ್ನು ಏಕಕಾಲಕ್ಕೆ ಬೇರೆಬೇರೆಯಾಗಿ ಹಿಡಿಯುವ ದೊಡ್ಡ ಯಂತ್ರವನ್ನು ಅತಿಥಿ ಉಪನ್ಯಾಸಕಿಯ ಸಂಬಳ ಕನಸಿನಲ್ಲೂ ಮುಟ್ಟದು. ಹಳೆಯದೊಂದನ್ನು ಮಾರುವವನು ಸಿಕ್ಕಿದ್ದ. ಅದರ ಎರಡು ಗುಂಡಿಗಳು ಸರಿಯುತ್ತಲೇ ಇರಲಿಲ್ಲ. ಇವೆರಡರ ನಡುವೆ ಒಂದು ಇತ್ತು: ಮುಖದ ಮೇಲೆ ಎಂಟು ಗುಂಡಿಗಳು, ಬಾಕ್ಸಿನ ಮೇಲೆ ಬೆರಳುದ್ದದ 'ಎಂಟು', ಬೆಲೆ ತಡೆದುಕೊಳ್ಳುವಂಥದ್ದು. ಬೆಳಗಾವಿಯ ಸಂಗೀತ ವಾದ್ಯಗಳ ಅಂಗಡಿಯೊಂದರಲ್ಲಿ ಅದನ್ನು ಕೈಯಲ್ಲಿ ಹಿಡಿದು ನೋಡಿದೆ. ಬೆನ್ನಿನಲ್ಲಿ ಮೈಕು ಚುಚ್ಚುವ ಕಿಂಡಿಗಳು ಎರಡೇ ಇದ್ದವು.

"ಎಂಟು ಮಂದಿಗೆ ಎರಡ ಕಿಂಡಿ ಹೆಂಗ್ರಿ?" ಎಂದು ಕೇಳಿದೆ.

ಮಾಲೀಕ ನಕ್ಕ. "ಅದಕ್ಕ ಈ ಸಣ್ಣ ಮಿಕ್ಸರ್ ಅದ ನೋಡ್ರಿ. ಎಂಟೂ ಮೈಕ್ ಇದಕ್ಕ ಹಚ್ರಿ, ಇದನ್ನ ಅದಕ್ಕ ಹಚ್ರಿ. ಮುಗೀತು."

"ಎಂಟೂ ದನಿ ಬ್ಯಾರೇ ಬ್ಯಾರೇ ಬರ್ತಾವ?"

"ಬರದ ಏನ್ರಿ ಮ್ಯಾಡಮ್? ಎಂಟ್ ಟ್ರ್ಯಾಕ್ ಅಂತ ಅವ್ರು ಸುಮ್ನ ಬರದಾರೇನು? ಬಾಜೂ ತಾಲೂಕಿನ ಭಜನಿ ಮಂದಿ ಮೊನ್ನೆ ಇದ್ನ ಒಯ್ದಾರ. ಬಿನ್‌ಧಾಸ್ತ ಒಯ್ರಿ."

ಒಯ್ದೆ. ಮಿಕ್ಸರನ್ನೂ ಒಯ್ದೆ. ಮೈಕುಗಳನ್ನು ಕಾಲೇಜಿನ ಸಾಂಸ್ಕೃತಿಕ ವಿಭಾಗದಿಂದ ಎರವಲು ತಂದೆ.

ಖಾನಾಪುರದ ಸಂತೆಯ ದಿನ ಭಟ್ಟಿಗೆ ರಜೆ. ಅಲ್ಲೊಂದು ಶೆಡ್ಡಿನಲ್ಲಿ, ಇಟ್ಟಂಗಿ ಸುಡಲು ತಂದ ಭತ್ತದ ಹೊಟ್ಟಿನ ಚೀಲಗಳನ್ನು ಆಳೆತ್ತರಕ್ಕೆ ಒಟ್ಟಿರುತ್ತಾರೆ. ಹೊಟ್ಟು ಸದ್ದನ್ನು ನುಂಗುತ್ತದೆ. ಮೇಳದವರು ಚೀಲಗಳನ್ನು ಹೊತ್ತು, ಒಬ್ಬೊಬ್ಬನಿಗೆ ಒಂದೊಂದು ಗೂಡು ಕಟ್ಟಿದರು. ಮುಖವಷ್ಟೇ ಕಾಣುವಂತೆ ಮೇಲೆ ಕಿಟಕಿ ಬಿಟ್ಟರು. ಬೇಸಿಗೆಯಲ್ಲಿ, ತಿಂಗಳಲ್ಲದ ತಿಂಗಳಲ್ಲಿ, ಶೋಕದ ಪದ ಹಾಡುವುದು ಸರಿಯೇ ಎಂದು ಒಬ್ಬರು ಅನುಮಾನಿಸಿದರು.

"ಡಾಕ್ಟರ್ ತಿಂಗಳಾ ನೋಡಿ ಕೊಯ್ತಾನೇನು?" ಎಂದು ಚಾಚಾ ಗದರಿದರು.

ಕಾಕಾ ತನ್ನ ಗೂಡಿನಿಂದ ಇಣುಕಿ ನನ್ನನ್ನು ಛೇಡಿಸಿದ. "ಏ ಖೋಡಿ, ನನ್ನ ದನಿ ಡಬ್ಬ್ಯಾಗ ಹಾಕಿ ಮುಚ್ಚಳಾ ಹಾಕಾಕಿ ಹೌದಿಲ್ಲೋ?"

"ಹಾಕ್ಲಿ ಬಿಡೋ," ಚಾಚಾ ತಮ್ಮ ಗೂಡಿನಿಂದ ಕೂಗಿದರು. "ಮುಚ್ಚಳಾ ತಗದಾಗ ಅಷ್ಟ ಒದರ್ತಿ. ಊರಿಗೆ ಸುಖ."

ಎಲ್ಲರೂ ನಕ್ಕರು. ಆಮೇಲೆ ಹಾಡಿದರು. ಆ ದಿನ ಕಾಕಾನ ದನಿ ಹೇಗೋ ತಿರುಗಿ ಬಂದಿತ್ತು. ಒಡಕು ಇತ್ತು, ಆದರೆ ಆ ಒಡಕಿನೊಳಗಿಂದಲೇ ದನಿ ಏರುತ್ತಿತ್ತು. ಪ್ರಶ್ನೆಯನ್ನು ಗಾಳಿಯಲ್ಲಿ ಬಿಟ್ಟು ಅವನು ನಿಂತಾಗ, ಚೀಲಗಳ ಹಿಂದಿನಿಂದ 'ತಮ್ಮಾ' ಎಂಬ ಕೂಗು ಎದ್ದು ಬರುತ್ತಿತ್ತು. ಮೂರು ಉದ್ದನೆಯ ಪದಗಳಾದವು. ಮೂರನೆಯದರ ಕೊನೆಗೆ ಅವನು ಗೂಡಿನೊಳಗೆ ಕುಸಿದು ಕುಳಿತು, ಸಾಕು ಎಂದು ಕೈ ಮಾಡಿದ. ಗಂಟಲಿನಿಂದ ಬಂದದ್ದು ಗಾಳಿ ಮಾತ್ರ.

ಅವನಿಗೆ ಕೇಳಿಸೋಣವೆಂದು ಯಂತ್ರವನ್ನು ಹಚ್ಚಿದೆ. ಅವನ ದನಿಯನ್ನು ಉಳಿಸಿ ಉಳಿದವರನ್ನು ಮುಚ್ಚಲೆಂದು ಒಂದು ಗುಂಡಿ ಇಳಿಸಿದೆ. ಎಲ್ಲರೂ ಅರ್ಧ ಕುಗ್ಗಿದರು. ಇನ್ನೊಂದನ್ನು ಇಳಿಸಿದೆ. ಎಲ್ಲರೂ ಮಾಯವಾದರು; ಕಾಕಾನೂ. ಉಳಿದ ಆರು ಗುಂಡಿಗಳ ಕೆಳಗೆ ಏನೂ ಇರಲಿಲ್ಲ. ಮಿಕ್ಸರು ತನ್ನ ಕೆಲಸವನ್ನು ಮಾಡಿತ್ತು: ಎಂಟು ದನಿಗಳನ್ನು ಕಲಸಿ ಒಂದೇ ಮುದ್ದೆ ಮಾಡಿ ಎರಡು ಕಿಂಡಿಗಳಲ್ಲಿ ತುರುಕಿತ್ತು. ಮುದ್ದೆಯಿಂದ ಉಪ್ಪನ್ನು ಹೇಗೆ ಬೇರೆ ತೆಗೆಯುವುದು?

ಯಂತ್ರ ಸುಳ್ಳು ಹೇಳಿರಲಿಲ್ಲ. ಅದರಲ್ಲಿ ಎಂಟು ಟ್ರ್ಯಾಕುಗಳಿದ್ದವು. ಒಂದರ ಮೇಲೊಂದರಂತೆ, ಒಂದು ಸಲಕ್ಕೆ ಎರಡೆರಡನ್ನೇ ತುಂಬಬೇಕಿತ್ತು. ಮಾರನೆಯ ದಿನ ಅದೇ ಅಂಗಡಿಗೆ ಹೋಗಿ ಬಾಕ್ಸನ್ನು ಕೌಂಟರಿನ ಮೇಲೆ ಇಟ್ಟೆ.

"ಎಂಟೂ ಬ್ಯಾರೇ ಬರ್ತಾವ ಅಂದಿದ್ರಿ."

"ಬರ್ತಾವಲ್ರೀ. ಒಬ್ಬೊಬ್ರನ್ನ ಕುಂದರ್ಸಿ ಹಾಡಸ್ರಿ, ಬರ್ತಾವ."

"ಕೂಡಿ ಹಾಡಿದ್ರೂ ಬರ್ತಾವ ಅಂದ್ರಿ. ಅದಕ್ಕಂತ ಮಿಕ್ಸರ್ ಮಾರಿದ್ರಿ."

"ಮ್ಯಾಡಮ್, ನೀವು ಕಲತವ್ರು. ಒಳಗ ಪುಸ್ತಕಾ ಇರ್ತದ, ಓದಬೇಕ್ರಿ. ಬಾಕ್ಸ್ ಒಡದ ಮ್ಯಾಲ ವಾಪಸ್ ಇಲ್ಲ."

"ಪುಸ್ತಕಾ ಒಡದ ಬಾಕ್ಸಿನ ಒಳಗ ಇರ್ತದ. ಓದಬೇಕಂದ್ರ ಒಡೀಬೇಕು. ಒಡದ್ರ ವಾಪಸ್ ಇಲ್ಲ. ಛಲೋ ಐತಿ ನಿಮ್ಮ ನ್ಯಾಯ!"

ಅಂಗಡಿಯಲ್ಲಿ ಗಿಟಾರಿನ ತಂತಿ ಕೊಳ್ಳಲು ಬಂದವರು ತಿರುಗಿ ನೋಡಿದರು. ಗ್ರಾಹಕರ ವೇದಿಕೆಗೆ ದೂರು ಕೊಡುತ್ತೇನೆಂದೆ, ಕೊಟ್ಟೆ ಕೂಡ. ಆ ದೂರು ಇಂದಿಗೂ ನಡೆಯುತ್ತಿದೆ. ಆದರೆ ಅದರಲ್ಲಿ ನಾನು ಕೇಳಬಹುದಾದದ್ದು ಯಂತ್ರದ ಬೆಲೆಯನ್ನಷ್ಟೇ. ಒಬ್ಬ ಮಾರಾಟಗಾರನ ಹಗುರ ಮಾತಿನಿಂದ ವ್ಯರ್ಥವಾದ ಮೂರು ಪದಗಳನ್ನು, ಅವುಗಳಿಗಾಗಿ ಸುರಿದುಹೋದ ಕೊನೆಯ ದನಿಯನ್ನು ಯಾವ ಕಲಮಿನ ಕೆಳಗೆ ಬರೆಯಲಿ? ಕಲಿತವಳು ಕೇಳಿಕೊಳ್ಳಬೇಕಿತ್ತು ಎನ್ನುವವರಿಗೆ ನನ್ನ ಉತ್ತರ ಇದು: ನಾನು ಕೇಳಿದ್ದೆ. ಎರಡು ಸಲ ಕೇಳಿದ್ದೆ. ಕೇಳಿದವಳಿಗೆ ಸುಳ್ಳು ಹೇಳಿದವನು ಓದಿನ ಹೊಣೆಯನ್ನು ನನ್ನ ತಲೆಗೆ ಕಟ್ಟಿದ.

ಮುಂದಿನ ಸಂತೆಯ ದಿನ ಮತ್ತೆ ಸೇರಿದೆವು. ಈಗ ಯಂತ್ರದ ಸ್ವಭಾವ ನನಗೆ ತಿಳಿದಿತ್ತು. ಕಾಕಾನಿಗೆ ಒಂದು ಕಿಂಡಿ, ಉಳಿದವರಿಗೆಲ್ಲ ಕೂಡಿ ಇನ್ನೊಂದು. ಇಷ್ಟರಲ್ಲೇ ಅವನ ಬೇಡಿಕೆ ತೀರಬಹುದಿತ್ತು. ಮೊದಲ ದಿನವೇ ಹೀಗೆ ಮಾಡಿದ್ದರೆ ತೀರುತ್ತಿತ್ತು ಕೂಡ. ಆದರೆ ಈಗ ಅವನ ದನಿ ಬತ್ತಿತ್ತು. ಅದನ್ನು ಹಿಡಿಯಲು ಮೈಕಿನ ಕಿವಿಯನ್ನು ಪೂರ್ತಿ ತೆರೆಯಬೇಕಾಯಿತು, ತೆರೆದ ಕಿವಿಗೆ ಚೀಲಗಳ ಆಚೆಯ ಮೇಳವೂ ಕೇಳಿಸತೊಡಗಿತು. ಕಾಕಾನ ಟ್ರ್ಯಾಕೊಂದನ್ನೇ ಹಚ್ಚಿದರೆ, ಪಕ್ಕದ ಮನೆಯ ಜಗಳದಂತೆ ಹಿಂದೆ ಏಳು ಜನರ ದನಿ. ನಾಳೆ ಮೇಳ ಇದಕ್ಕೆ ದನಿಗೂಡಿಸಿದರೆ, ಪ್ರತಿ 'ತಮ್ಮಾ'ಗೂ ಒಂದು ನೆರಳು ಬೀಳುತ್ತದೆ.

ಹಾಗಾದರೆ ಒಬ್ಬನೇ ಹಾಡಲಿ ಎಂದೆವು. ಒಬ್ಬನೇ ಹಾಡಿದ. ಮೊದಲ ಸಾಲಿನ ಕೊನೆಗೆ ಕಟ್ಟಳೆಯಂತೆ ನಿಂತ. ಯಾರೂ ಹಿಡಿಯಲಿಲ್ಲ. ಅವನು ಕಾಯ್ದ. ಮುಂದಿನ ಸಾಲನ್ನು ಯಾವಾಗ ಎತ್ತಬೇಕೆಂದು ಅವನಿಗೆ ತಿಳಿಯಲಿಲ್ಲ. ಒಮ್ಮೆ ಬೇಗ ಎತ್ತಿದ, ಒಮ್ಮೆ ಎತ್ತಲೇ ಇಲ್ಲ.

"ಮನಸ್ಸಿನಾಗ ಅಂದ್ಕೊರಿ ಕಾಕಾ, ತಮ್ಮಾ ಅಂತ," ಎಂದೆ.

ಅವನ ಮುಖ ಕಪ್ಪಿಟ್ಟಿತು. "ನಾ ಅನ್ನಂಗಿಲ್ಲ ಅದನ್ನ. ಮನಸ್ಸಿನಾಗೂ ಅನ್ನಂಗಿಲ್ಲ."

ಮೊದಲ ದಿನದ ಮುದ್ದೆಯನ್ನು ಹೆಡ್‌ಫೋನಿನಲ್ಲಿ ಕೇಳಿಸುತ್ತ, ಅದರ ಜಾಡಿನಲ್ಲಿ ಹಾಡಿಸಲು ನೋಡಿದೆ. ಬಹು ಟ್ರ್ಯಾಕಿನ ಯಂತ್ರದ ಪ್ರಯೋಜನವೇ ಅದು. ಹೆಡ್‌ಫೋನು ಹಾಕಿಕೊಂಡ ಕಾಕಾ ಹಾಡಲಿಲ್ಲ. ತಲೆ ಬಗ್ಗಿಸಿ ಕೇಳುತ್ತ ಕೂತ. ಆಮೇಲೆ ಅದನ್ನು ತೆಗೆದು, ಉಸಿರಿನಂಥ ದನಿಯಲ್ಲಿ ಚಾಚಾನಿಗೆ ಹೇಳಿದ:

"ಛಲೋ ಹಾಡ್ತಾನಲ್ಲೋ ಇಂವಾ. ಇಂವನ ಮುಂದ ನಾ ಏನ ಹಾಡ್ಲಿ?"

ಚಾಚಾ ಎದ್ದು ಬಂದು, ಚೀಲಗಳ ಗೂಡನ್ನು ಕೈಯಿಂದ ಬದಿಗೆ ತಳ್ಳಿ, ಮೆರವಣಿಗೆಯಲ್ಲಿ ನಿಲ್ಲುವಂತೆ ಕಾಕಾನ ಎದುರಿಗೆ ನಿಂತರು. "ಎತ್ತು," ಎಂದರು.

ಕಾಕಾ ಎತ್ತಿದ. ಸಾಲಿನ ಕೊನೆಗೆ ನಿಂತ. ಚಾಚಾನ ಬಾಯಿ ತೆರೆಯಿತು, ಕೊರಳಿನ ನರ ಉಬ್ಬಿತು, ತುಟಿ 'ತಮ್ಮಾ' ಎಂದಿತು. ಸದ್ದು ಬರಲಿಲ್ಲ. ದನಿಯನ್ನು ಒಳಗೇ ಹಿಡಿದುಕೊಂಡಿದ್ದರು. ಅವರ ಬಾಯಿ ಮುಚ್ಚುತ್ತಲೇ ಕಾಕಾ ಮುಂದಿನ ಸಾಲನ್ನು ಎತ್ತಿದ, ಸರಿಯಾದ ಹೊತ್ತಿಗೆ. ಇದನ್ನು ನೋಡಿ ಮೇಳದ ಉಳಿದವರೂ ಚಪ್ಪಲಿ ಕಳಚಿ, ಖಾಲಿ ಚೀಲಗಳನ್ನು ನೆಲಕ್ಕೆ ಹಾಸಿ, ಅವನ ಸುತ್ತ ಸುತ್ತುಗಟ್ಟಿದರು. ಹೆಜ್ಜೆ ಹಾಕಿದರು, ಕೈ ಎತ್ತಿದರು, ಎದೆ ಬಡಿದುಕೊಳ್ಳುವ ಕಡೆ ಅಂಗೈಯನ್ನು ಎದೆಯ ಮುಂದೆಯೇ ತಡೆದರು. ಏಳು ಬಾಯಿಗಳು ಒಟ್ಟಿಗೆ ತೆರೆದು ಒಟ್ಟಿಗೆ ಮುಚ್ಚಿದವು. ನಡುವೆ ಒಂದೇ ಒಂದು ದನಿ, ಅದೂ ಹರಿದ ದನಿ. ನಾನು ಯಂತ್ರದ ಕೆಂಪು ದೀಪವನ್ನು ನೋಡುತ್ತ ಕೂತಿದ್ದೆ. ಅಷ್ಟು ಜನ ಕೂಡಿ ಅಷ್ಟು ನಿಶ್ಶಬ್ದವಾಗಿ ಅತ್ತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೆಯೂ ಕಂಡಿಲ್ಲ.

ಒಂದು ಪದ ಪೂರ್ತಿಯಾಯಿತು. ಎರಡನೆಯದರ ಮೊದಲ ನುಡಿಯಲ್ಲಿ ಕಾಕಾ ಕೆಮ್ಮಿದ. ಟವೆಲ್ಲಿನ ಮೇಲೆ ರಕ್ತ ಕಂಡಿತು. ಚಾಚಾ ತಾವೇ ಬಂದು ಯಂತ್ರವನ್ನು ನಿಲ್ಲಿಸಲು ಹೇಳಿದರು. ಕಾಕಾನಿಗೆ ಬರುತ್ತಿದ್ದ ಪದಗಳನ್ನು ಹಾಡುತ್ತ ಹೋದರೆ ಮೊಹರಮ್ಮಿನ ಎಲ್ಲ ರಾತ್ರಿಗಳಿಗೂ ಸಾಲುತ್ತಿದ್ದವು. ನಮ್ಮ ಕೈಯಲ್ಲಿ ಉಳಿದದ್ದು ಒಂದು.

ಶಸ್ತ್ರಚಿಕಿತ್ಸೆ ಆಯಿತು. ಕೊರಳಿನಲ್ಲಿ ತೂತು, ತೂತಿಗೆ ಬಿಳಿಯ ಬಟ್ಟೆಯ ತೆರೆ. ಮಾತಾಡಬೇಕೆನ್ನಿಸಿದಾಗ ಅವನು ಮೊದಲು ಬಾಯಿ ತೆರೆಯುತ್ತಾನೆ, ಆಮೇಲೆ ನೆನಪಾಗಿ ಮುಚ್ಚುತ್ತಾನೆ. ಹೊಟ್ಟಿನ ಧೂಳು ಆ ತೂತಿಗೆ ಆಗದೆಂದು ಭಟ್ಟಿಯ ಕೆಲಸವೂ ಹೋಯಿತು. ಮಾಲೀಕರು ಸಮಾಧಾನ ಹೇಳಿದರು. ಪರಿಹಾರದ ಮಾತು ಬಂದಾಗ, ಧೂಳಿಗೂ ಗಡ್ಡೆಗೂ ಸಂಬಂಧವಿದೆಯೆಂದು ಬರೆದು ಕೊಡುವವರು ಯಾರು ಎಂದು ಕೇಳಿದರು. ಧೂಳು ಎಂದು ಬಾಯಿಮಾತಿನಲ್ಲಿ ಹೇಳಿದ್ದ ಅದೇ ವೈದ್ಯರ ಬಳಿ ಹೋದೆ. ಅವರಿಗೆ ಅದು ನೆನಪಿರಲಿಲ್ಲ.

ಮಳೆ ಹಿಡಿದ ಮೇಲೆ ಮೊಹರಮ್ ಬಂತು. ಕೊನೆಯ ಮಧ್ಯಾಹ್ನ ಪಂಜಾಗಳು ಎದ್ದವು. ಕೈಗಾಡಿಯೊಂದರ ಮೇಲೆ ಸ್ಪೀಕರು, ಅದರ ಬಾಜು ಪ್ಲಾಸ್ಟಿಕ್ ಹೊದಿಸಿದ ಯಂತ್ರ, ಮೇಲೆ ಯಾರೋ ಹಿಡಿದ ಕೊಡೆ. ಕಾಕಾ ಗಾಡಿಯ ಪಕ್ಕದಲ್ಲಿ ನಡೆಯುತ್ತಿದ್ದ, ಕೊರಳಿನ ಬಟ್ಟೆ ಒದ್ದೆಯಾಗದಂತೆ ಕೈ ಅಡ್ಡ ಹಿಡಿದು. ಹಲಗೆ ಬಾರಿಸುವವರು ನಿಂತಾಗ ನಾನು ಗುಂಡಿ ಏರಿಸಿದೆ.

ಕಾಕಾನ ದನಿ ಎತ್ತಿತು. ಜನ ಬೆಚ್ಚಿ ಅವನ ಮುಖವನ್ನೇ ನೋಡಿದರು, ಅವನ ತುಟಿ ಮುಚ್ಚಿತ್ತು. ಸಾಲು ನಿಂತ ಕಡೆ ಮೇಳ ಹಿಡಿಯಿತು. 'ತಮ್ಮಾ'. ಸರಿಯಾಗಿ ಕೂತಿತು. ಎರಡನೆಯ ಸಾಲೂ ಕೂತಿತು. ನಡೆನಡೆಯುತ್ತ ಇಡೀ ಪದ ಕೂತಿತು. ಮನೆಗಳ ಬಾಗಿಲಲ್ಲಿ ನೀರು ತಂದು ನಿಂತಿದ್ದ ಹೆಂಗಸರು ಕಣ್ಣೊರೆಸಿಕೊಂಡರು. ಕಾಕಾ ನೇರವಾಗಿ ಮುಂದೆ ನೋಡುತ್ತ ನಡೆಯುತ್ತಿದ್ದ. ಅವನ ಎದೆ ಪ್ರತಿ ಸಾಲಿಗೂ ಮೊದಲು ಉಬ್ಬುತ್ತಿತ್ತು.

ಪದ ಮುಗಿದಾಗ ಹೊಳೆ ಇನ್ನೂ ದೂರವಿತ್ತು.

"ಇನ್ನೊಂದ ಹಚ್ಚ ಯವ್ವಾ," ಎಂದಳು ಬಾಗಿಲಲ್ಲಿ ನಿಂತ ಮುದುಕಿಯೊಬ್ಬಳು.

ಇನ್ನೊಂದು ಇರಲಿಲ್ಲ. ಇನ್ನೊಂದು ದೂರದೂರಿನ ಕಚೇರಿಯ ಬೀರುವಿನಲ್ಲಿ, ತೆರೆಯದ ಡಬ್ಬಿಯಲ್ಲಿದೆ, ಅಥವಾ ಅಲ್ಲಿಯೂ ಇ‌ಲ್ಲ. ಸುತ್ತಲಿನವರು ಕಾಯುತ್ತಿದ್ದರು. ಬೇರೆ ದಾರಿ ಕಾಣದೆ ಮೊದಲ ದಿನದ ಮುದ್ದೆಯನ್ನೇ ಹಚ್ಚಿದೆ. ಕಾಕಾನ ದನಿ ಎತ್ತಿತು, ಆ ಹಿಂದಿನ, ಬತ್ತದ ದನಿ. ಹಿಡಿಯಲೆಂದು ಮೇಳ ಬಾಯಿ ತೆರೆಯಿತು. ಅಷ್ಟರಲ್ಲಿ ಸ್ಪೀಕರಿನೊಳಗಿಂದ ಅವರದೇ ಏಳು ದನಿಗಳು ಅವರಿಗಿಂತ ಮೊದಲೇ ಹಿಡಿದವು. ಚಾಚಾ ಇನ್ನೊಂದು ಸಾಲನ್ನು ಹಿಡಿಯಲು ಮತ್ತೆ ನೋಡಿದರು. ಮತ್ತೆ ಅವರ ದನಿಯೇ ಅವರನ್ನು ಹಿಂದೆ ಹಾಕಿತು. ಒಬ್ಬೊಬ್ಬರಾಗಿ ಬಾಯಿ ಮುಚ್ಚಿದರು. ಹೆಜ್ಜೆಯೂ ತಪ್ಪಿತು. ಏಳು ಜನ ಗಂಡಸರು, ತಮ್ಮ ದನಿಯನ್ನು ಹೇರಿದ ಗಾಡಿಯ ಹಿಂದೆ, ಕೆಲಸವಿಲ್ಲದವರಂತೆ ಮಳೆಯಲ್ಲಿ ನಡೆದರು.

ಕಾಕಾ ಗಾಡಿಯನ್ನು ಕೈಯಿಂದ ತಡೆದು ನಿಲ್ಲಿಸಿದ. ಪ್ಲಾಸ್ಟಿಕ್ಕಿನ ಕೆಳಗೆ ಕೈ ಹಾಕಿ, ಎರಡು ಗುಂಡಿಗಳನ್ನೂ ತಾನೇ ಕೆಳಗೆಳೆದ. ಚಾಚಾನ ಕಡೆ ತಿರುಗಿ, ಎತ್ತು ಎಂದು ಗದ್ದದಿಂದ ಸನ್ನೆ ಮಾಡಿದ.

"ನಂಗ ಎತ್ತಾಕ ಬರಂಗಿಲ್ಲೋ," ಎಂದರು ಚಾಚಾ. "ಹಿಡಿಯೂದಷ್ಟ ಬರ್ತದ. ನಿಂಗ ಗೊತ್ತೈತಿ."

ಕಾಕಾ ಮತ್ತೆ ಸನ್ನೆ ಮಾಡಿದ. ಚಾಚಾ ಒಂದು ಸಾಲು ಎತ್ತಿದರು. ಅಭ್ಯಾಸವಿಲ್ಲದ ಗಂಟಲು ತೀರ ಮೇಲೆ ಹೋಯಿತು. ಕೊನೆಗೆ ಬಂದು, ರೂಢಿಯ ಬಲದಿಂದ, ನಿಲ್ಲಬೇಕಾದ ಕಡೆ ನಿಲ್ಲದೆ 'ತಮ್ಮಾ' ಎಂದು ತಾವೇ ಕೂಗಿಬಿಟ್ಟರು. ಕೇಳಿದವನೇ ಕೂಗಿದ್ದ. ಮೇಳದವರೆಲ್ಲ ನೆಲ ನೋಡಿದರು. ಚಾಚಾ ಬಾಯಿಗೆ ಕೈ ಅಡ್ಡ ಹಿಡಿದರು, ಆಮೇಲೆ ಹಾಡಲಿಲ್ಲ.

ಹಲಗೆ ಮತ್ತೆ ಶುರುವಾಯಿತು. ಪಂಜಾಗಳು ಮುಂದೆ ಸಾಗಿದವು. ಮಲಪ್ರಭೆಯ ದಂಡೆ ಮುಟ್ಟುವವರೆಗೆ ಆ ದಾರಿಯಲ್ಲಿ ಯಾರೂ ಒಂದು ಪದವನ್ನೂ ಹಾಡಲಿಲ್ಲ.